ಮಗ್ಗದ ಸದ್ದಿನೊಳಗಿನ ಜಪಾನಿ ಹಾಡು

ಅವರೆಕಾಳು ಹಿದುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಬೆಳಿಗ್ಗೆ ನಾದಿನಿಯೂ ಜೊತೆಗೆ ಕೂತಿದ್ದಳು. ನೂಲು ಕೊಯ್ದೂ ಕೊಯ್ದೂ ಅವಳ ತೋರುಬೆರಳಿನ ಬದಿಗೆ ಒಂದು ಸಣ್ಣ ಕಾಲುವೆಯೇ ಬಿದ್ದಿತ್ತು. ಬೇಳೆ ಅದರೊಳಗೆ ಜಾರಿ ಗುರಿಯಿಟ್ಟ ಹಾಗೆ ಹಾರುತ್ತಿತ್ತು. ಇದ್ದಕ್ಕಿದ್ದಂತೆ "ಎದೆ ಹಿಡ್ಕೊಂಡಂಗಾಗ್ತಿದೆ ಅತ್ತಿಗೆ" ಎಂದಳು. ನಮ್ಮ ಯಜಮಾನರು ಆಟೋ ತರಿಸಿ ತಂಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸುಮ್ಮನೆ ಕೂರಲಾರದೆ ನಾನು ಉಳಿದ ಕಾಳಿಗೆ ಕೈ ಹಾಕಿದೆ. ಬಟ್ಟಲು ಮುಕ್ಕಾಲು ತುಂಬಿದಾಗ ಯಜಮಾನರ ಫೋನು ಬಂತು. "ಹೋಗ್ಬಿಟ್ಲು ಕಣೇ" ಎಂದರು.

ಹೆಚ್ಚು ಹೊತ್ತು ನರಳಲಿಲ್ಲವಂತೆ. ಅಷ್ಟು ದಯೆ ತೋರಿದ ಸ್ವಾಮಿ.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ಮಗ್ಗದ ಶೆಡ್ಡಿದೆ, ನಾಲ್ಕು ಪವರ್‌ಲೂಮು. ಅವಳು ಗಂಡನ ಮನೆಯಿಂದ ತಿರುಗಿ ಬಂದದ್ದು ಒಂದು ಮಂಗಳವಾರ. ನಾನು ಘಾಟಿ ಸ್ವಾಮಿಯ ದರ್ಶನಕ್ಕೆ ಹೊರಟು ಹೊಸ್ತಿಲ ಮೇಲಿದ್ದೆ. ಎದುರಿಗೆ ಬಂದವಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಕೆಳತುಟಿ ಸೀಳಿತ್ತು. "ದೇವಸ್ಥಾನಕ್ಕಾ? ಹೋಗ್ಬನ್ನಿ ಅತ್ತಿಗೆ, ನಾನೆಲ್ಲೂ ಹೋಗಲ್ಲ" ಎಂದಳು. ನಾನು ಹೋಗಲಿಲ್ಲ, ಅರಿಶಿನ ಅರೆದು ತುಟಿಗೆ ಹಚ್ಚಿದೆ.

ಮಾರನೆಯ ದಿನದಿಂದ ಶೆಡ್ಡಿನ ಮೂಲೆಯಲ್ಲಿ ಕೂತು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತತೊಡಗಿದಳು. ಶೆಡ್ಡು, ಅಡುಗೆಮನೆ, ಹಿತ್ತಲು, ಅಷ್ಟೇ ಅವಳ ಓಡಾಟ. ಬೀದಿ ಬಾಗಿಲಲ್ಲಿ ನಿಲ್ಲುವ ಹಾಗಿಲ್ಲ, ಸಿನಿಮಾ ಹಾಡು ಹಾಕುವ ಹಾಗಿಲ್ಲ. ಅದು ನಮ್ಮತ್ತೆಯ ಕಟ್ಟಪ್ಪಣೆ. "ಗಂಡನ್ನ ಬಿಟ್ಟು ಬಂದೋಳು ಲವ್ವಿನ ಹಾಡು ಗುನುಗ್ತಾವ್ಳೆ ಅಂತ ಜನ ಆಡ್ಕೊಳಲ್ವಾ? ದೇವರ ಹಾಡು ಹಾಕ್ಕೊ." ನಾನು ನನ್ನ ಭಜನೆಗಳನ್ನೇ ಕೊಟ್ಟೆ. ಆದರೆ ನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ಜಾಗದಲ್ಲಿ ತಾಳ ತಂಬೂರಿ ಎಲ್ಲಿ ಕೇಳಬೇಕು?

ಜಪಾನಿನ ಹಾಡು ತಂದವಳು ನನ್ನ ಮಗಳು. ಅಲ್ಲಿಯ ಕಾರ್ಟೂನು ನೋಡುವ ಹುಚ್ಚು ಅವಳಿಗೆ. ಒಂದು ದಿನ ನಾದಿನಿಯ ಪಕ್ಕ ಕೂತು ಫೋನು ಹಿಡಿದಳು. ವೇದಿಕೆ ಮೇಲೆ ನಾಲ್ಕು ಜನ ಹೆಣ್ಣುಮಕ್ಕಳು. ಇಬ್ಬರ ಕೈಯಲ್ಲಿ ಗಿಟಾರು, ಒಬ್ಬಳ ಕೈಯಲ್ಲಿ ದಪ್ಪ ತಂತಿಯದು, ಹಿಂದೆ ಡ್ರಮ್ಮಿನ ಮುಂದೆ ಕಡ್ಡಿ ಹಾಗಿರುವ ಒಬ್ಬ ಹುಡುಗಿ. ಶುರುಮಾಡಿದರೆಂದರೆ ಮಗ್ಗವೂ ಹಿಂದೆ ಬೀಳಬೇಕು. ನನಗಂತೂ ಕಿರುಚಾಟ ಅನ್ನಿಸಿತು. ನಾದಿನಿ ಕಣ್ಣು ಮಿಟುಕಿಸಲಿಲ್ಲ. ಮಗಳು ಹಳೆಯ ಸ್ಪೀಕರೊಂದನ್ನು ಅವಳಿಗೆ ಕೊಟ್ಟುಬಿಟ್ಟಳು. ಒಂದು ಹಾಡು ಮುಗಿದರೆ ಯೂಟ್ಯೂಬೇ ಅಂಥದ್ದೇ ಇನ್ನೊಂದು ಗುಂಪನ್ನು ಕರೆದುಕೊಂಡು ಬರುತ್ತಿತ್ತು.

ಅತ್ತೆ ವಿಚಾರಣೆಗೆ ಬಂದರು. "ಏನೇ ಇದು?"

"ಜಪಾನ್ ಹಾಡಮ್ಮ."

"ಏನಂತ ಹಾಡ್ತಾರೆ?"

"ನಂಗೇನು ಗೊತ್ತು?"

"ಗಂಡಸ್ರು ಅವ್ರಾ ಅದ್ರಲ್ಲಿ?"

"ಒಬ್ರೂ ಇಲ್ಲ."

ಅತ್ತೆ ಬಗ್ಗಿ ಫೋನು ನೋಡಿದರು. ನಾಲ್ಕೂ ಹೆಣ್ಣೇ. "ಹಂಗಾದ್ರೆ ಹಾಕ್ಕೊ" ಎಂದು ಹೋದರು.

ಮಗಳು ಅರ್ಥ ಹುಡುಕಿ ಹೇಳಲು ಬಂದರೆ ನಾದಿನಿ ಅವಳ ಬಾಯಿ ಮುಚ್ಚುತ್ತಿದ್ದಳು. "ಹೇಳ್ಬೇಡ ಕಣೇ ಚಿನ್ನಿ. ಗೊತ್ತಾದ್ರೆ ನಿಮ್ಮಜ್ಜಿ ಕೇಳ್ತಾರೆ, ನಂಗೆ ಸುಳ್ಳು ಹೇಳಕ್ಕೆ ಬರಲ್ಲ." ಅರ್ಥ ತಿಳಿಯದೆಯೇ ಯಾವ ಗುಂಪು ನಗುತ್ತಾ ಹಾಡುತ್ತದೆ, ಯಾವುದು ಜಗಳಕ್ಕೆ ನಿಂತ ಹಾಗೆ ಹಾಡುತ್ತದೆ ಎಂದೆಲ್ಲ ಅವಳು ಬಲ್ಲಳು. ಒಮ್ಮೆ ಡ್ರಮ್ಮಿನ ಹುಡುಗಿಯನ್ನು ತೋರಿಸಿ ಹೇಳಿದಳು: "ನೋಡಿ ಅತ್ತಿಗೆ, ಎಷ್ಟು ಜೋರಾಗಿ ಹೊಡೀತಾಳೆ. ಯಾರ್ಗೂ ನೋವಾಗಲ್ಲ."

ಕಾಫಿ ಲೋಟ ಅವಳ ಕೈಗಿಟ್ಟು ಬಂದೆ.

ಗಂಡನ ಕಡೆಯವರು ಒಂದು ದಿನ ಮಾತುಕತೆಗೆ ಬಂದರು. ಅವಳ ಭಾವ, ಅಂದರೆ ಗಂಡನ ಅಣ್ಣ, ಜೊತೆಗೆ ಊರಿನ ಇಬ್ಬರು. ನಮ್ಮ ಕಡೆಯಿಂದ ಯಜಮಾನರ ಸೋದರಮಾವ ಕೂತರು. ಹಿರಿಯರು ಕೂತಾಗ ನಮ್ಮಲ್ಲಿ ಮಗ್ಗ ನಿಲ್ಲಿಸುವುದು ಪದ್ಧತಿ. ಆದರೆ ಅವತ್ತು ಸಾವುಕಾರರಿಗೆ ಸೀರೆ ಒಪ್ಪಿಸಲೇಬೇಕಿತ್ತು, ಹಾಗಾಗಿ ಮಗ್ಗಗಳು ನಡೆಯುತ್ತಲೇ ಇದ್ದವು. ನಾದಿನಿಯನ್ನು ಯಾರೂ ಕರೆಯಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಕೂಗಿ ಕೂಗಿ ಮಾತಾಡಿ, ಕೊನೆಗೆ ಸೋದರಮಾವ "ಆಯ್ತು, ಸೋಮವಾರ ಕಳಿಸ್ತೀವಿ" ಎಂದುಬಿಟ್ಟರು. ಯಜಮಾನರು ನೆಲ ನೋಡುತ್ತಿದ್ದರು. ನಾನು ಕಾಫಿ ತಟ್ಟೆ ಹಿಡಿದು ನಿಂತಿದ್ದೆ.

ಆಗ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಂದೇ ಸಲ ನಿಂತವು. ಸ್ಪೀಕರು ಮಾತ್ರ ಬ್ಯಾಟರಿಯದು, ನಿಲ್ಲಲಿಲ್ಲ. ಆ ಹುಡುಗಿಯರ ಕೂಗು ಪಡಸಾಲೆಗೆ ನುಗ್ಗಿತು. ಅದರ ಮೇಲೆ ಇನ್ನೂ ಎತ್ತರಕ್ಕೆ ನಮ್ಮ ನಾದಿನಿಯ ಗಂಟಲು! ಅಷ್ಟು ದಿನ ಮಗ್ಗದ ಸದ್ದಿನ ಮರೆಯಲ್ಲಿ ಹೀಗೆ ಗಂಟಲು ಬಿಟ್ಟು ಹಾಡುತ್ತಿದ್ದಳೆಂದು ನನಗೂ ಗೊತ್ತಿರಲಿಲ್ಲ.

"ಏನಮ್ಮಾ ಅದು ಕೂಗಾಟ?" ಎಂದರು ಸೋದರಮಾವ.

ಅವಳು ಬಾಗಿಲಿಗೆ ಬಂದಳು. ಕೂದಲಿಗೆಲ್ಲ ನೂಲಿನ ಧೂಳು. ಹಾಡು ನಿಲ್ಲಿಸಿರಲಿಲ್ಲ. "ಹೆಂಗಸ್ರು ಹಾಡೋದು ಮಾವ."

"ಲಕ್ಷಣವಾಗಿದೆ" ಎಂದು ಭಾವ ನಕ್ಕ. "ಸೋಮವಾರ ರೆಡಿಯಾಗಿರಮ್ಮ. ನಮ್ಮನೇಲಿ ಇದೆಲ್ಲ ನಡಿಯಲ್ಲ."

"ನಾನು ಬರಲ್ಲ" ಎಂದಳು. ಹಾಡಿನ ಸದ್ದನ್ನು ಮೀರಿ ಹೇಳಬೇಕಿತ್ತಲ್ಲ, ಬೀದಿಗೇ ಕೇಳಿಸಿತು. "ಸೋಮವಾರ ಅಲ್ಲ, ಯಾವತ್ತೂ ಬರಲ್ಲ."

ಹಿರಿಯರ ಎದುರು ಅಷ್ಟು ಜೋರಾಗಿ ಮಾತಾಡಿದ ಹೆಣ್ಣನ್ನು ನಾನು ಕಂಡಿರಲಿಲ್ಲ. ಬಂದವರು ಕಾಫಿ ಮುಟ್ಟದೆ ಎದ್ದರು. ಆ ಹೊತ್ತಿಗೇ ಕರೆಂಟು ಹೋದದ್ದು ಸ್ವಾಮಿಯ ದಯೆ ಎಂದೇ ನಾನು ನಂಬಿದ್ದೇನೆ.

ಆದರೆ ಬಾಗಿಲೇನೂ ತೆರೆಯಲಿಲ್ಲ. "ಇರು, ಬೇಡ ಅನ್ನಲ್ಲ. ಬೀದಿಗೆ ಮಾತ್ರ ಇಳೀಬೇಡ. ಕೇಳಿದೋರ್ಗೆ ನಾನೇನು ಹೇಳ್ಲಿ?" ಎಂದರು ಯಜಮಾನರು. ಅವರು ಕೆಟ್ಟವರಲ್ಲ, ಅಂಜುವವರು. ನಾನೂ ಅವರ ಮಾತು ಮೀರಿ ಎಲ್ಲಿಗೂ ಹೋದವಳಲ್ಲ. ನನಗೆ ಘಾಟಿಯ ದಾರಿಯಾದರೂ ಇತ್ತು, ಅವಳಿಗೆ ಅದೂ ಇರಲಿಲ್ಲ. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳದೇ ಒಂದು ತಂಡ ಇಂಥ ಹಾಡು ಹಾಡುತ್ತದೆಂದು ಮಗಳು ಒಮ್ಮೆ ಹೊರಡಿಸಿದಳು. ನಾದಿನಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬೀದಿ ಬಾಗಿಲವರೆಗೆ ಹೋಗಿ ನಿಂತಳು. ಬಹಳ ಹೊತ್ತು ನಿಂತಿದ್ದಳು. ಆಮೇಲೆ ಚಪ್ಪಲಿ ಬಿಚ್ಚಿ "ಕಂಡಿಕೆ ಸಾಲಲ್ಲ ಕಣೇ ಇವತ್ತಿಗೆ" ಎಂದು ಶೆಡ್ಡಿಗೆ ಹೋದಳು. ವರ್ಷಗಳು ಹಾಗೇ ಕಳೆದವು.

ಅವಳನ್ನು ಮನೆಗೆ ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಮಗ್ಗಗಳು ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಗಂಡನ ಕಡೆಯವರು ವ್ಯಾನು ಮಾಡಿಕೊಂಡು ಬಂದರು. ಗಂಡ ದೂರ ನಿಂತ. ಭಾವ ಹೊಸ ಹಸಿರು ಸೀರೆ ತಂದು ಅವಳ ಕಾಲ ಬಳಿ ಇಟ್ಟ. "ಮುತ್ತೈದೆ ಸಾವು. ಗಂಡ ಇರೋ ಹೆಣ್ಣು ಗಂಡನ ಊರಲ್ಲೇ ಮಣ್ಣಾಗ್ಬೇಕು. ಎತ್ತಿ, ಹೊತ್ತಾಯ್ತು."

"ಶಾಸ್ತ್ರ ಅದೇ" ಎಂದರು ಸೋದರಮಾವ. ಯಜಮಾನರು ಮತ್ತೆ ನೆಲ ನೋಡಿದರು. ಇಬ್ಬರು ಗಂಡಸರು ಚಾಪೆಯ ತುದಿಗೆ ಕೈ ಹಾಕಿದರು.

ನಾನು ಶಾಸ್ತ್ರ ಬಿಟ್ಟವಳಲ್ಲ. ಆದರೂ ಚಾಪೆಯ ಮೇಲೆ ಕೂತುಬಿಟ್ಟೆ. "ಕಳಿಸಲ್ಲ" ಎಂದೆ. "ಯಾವತ್ತೂ ಬರಲ್ಲ ಅಂತ ಅವ್ಳು ಹೇಳಿದ್ಲಲ್ಲ, ಎಲ್ರೂ ಕೇಳಿದ್ರಿ. ಈಗ ಬಾಯಿಲ್ಲ ಅಂತ ಹೊತ್ಕೊಂಡೋಗ್ತೀರಾ?"

"ಸುಮ್ನಿರಮ್ಮ, ಹೆಂಗಸ್ರ ಮಾತಲ್ಲ ಇದು" ಎಂದ ಭಾವ.

ಆಗ ನಮ್ಮತ್ತೆ ಗೋಡೆ ಹಿಡಿದು ಎದ್ದರು. ಹಸಿರು ಸೀರೆಯನ್ನು ಎತ್ತಿ ಅವನ ಕೈಗೇ ಕೊಟ್ಟರು. ಮಗನ ಕಡೆ ತಿರುಗಿ, "ಮಗ್ಗದ ಮೇಲೆ ಇರೋ ಸೀರೆ ಕೊಯ್ಕೊಂಡು ಬಾರೋ. ಅವ್ಳು ಸುತ್ತಿದ ನೂಲು ಅದು, ಅದನ್ನೇ ಹೊದಿಸ್ತೀನಿ" ಎಂದರು.

ಯಜಮಾನರು ಎದ್ದು ಶೆಡ್ಡಿಗೆ ಹೋದರು. ಕತ್ತರಿಯ ಸದ್ದು ಕೇಳಿಸಿತು.

ನಮ್ಮೂರಲ್ಲೇ ಮಣ್ಣಾಯಿತು. ಹುಟ್ಟಿದ ಮನೆಯಿಂದ ಅವಳು ಬೀದಿಗಿಳಿದದ್ದು ಹೀಗೆ, ಬೆಳಿಗ್ಗೆ ಆಟೋದಲ್ಲಿ, ಆಮೇಲೆ ನಾಲ್ಕು ಜನರ ಹೆಗಲ ಮೇಲೆ. ಈ ಮನೆಯಲ್ಲಿ ನನಗೆ ಬಾಯಿ ಬಂದದ್ದು ಅದೊಂದು ಸಲ, ಅದೂ ಅವಳಿಂದ ಸಾಲ ತಂದದ್ದು. ಬದುಕಿದ್ದಾಗಲೇ ಬಂದಿದ್ದರೆ ಅವಳು ಬೆಂಗಳೂರಿಗಾದರೂ ಹೋಗಿಬರುತ್ತಿದ್ದಳು.

ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಹೋದವರು ತಿರುಗಿ ಬರುವಷ್ಟರಲ್ಲಿ ಎಲ್ಲರ ಸ್ನಾನಕ್ಕೆ ನೀರು ಕಾಯಬೇಕಿತ್ತು. ಹಿತ್ತಲಿಗೆ ಹೋಗಿ ಹಂಡೆ ತುಂಬಿಸಿ, ಒಲೆಗೆ ಸೌದೆ ಒಡ್ಡಿದೆ.