ಶುಕ್ರವಾರದ ಪ್ರಳಯ

ಶುಕ್ರವಾರ ಪ್ರಳಯ ಆಗುತ್ತದೆ ಎಂಬ ಸುದ್ದಿ ನಿಗಡಿಯ ನಮ್ಮ ಮನೆಗೆ ಬಂದದ್ದು ಅತ್ತೆಯ ಮೊಬೈಲಿನಿಂದ. ವಿಡಿಯೊದಲ್ಲಿ ಒಬ್ಬ ಸ್ವಾಮಿಗಳು ಕಲಿಯುಗ ಮುಗಿಯಿತೆಂದು ಹೇಳುತ್ತಿದ್ದರು; ಅವರ ಬೆನ್ನ ಹಿಂದೆ ಯಾವುದೋ ಇಂಗ್ಲಿಷ್ ಸಿನಿಮಾದ ಅಲೆಗಳು ದೊಡ್ಡ ದೊಡ್ಡ ಕಟ್ಟಡಗಳನ್ನು ನುಂಗುತ್ತಿದ್ದವು.

"ಇದೆಲ್ಲಾ ಸುಳ್ಳರೀ ಅತ್ತಿ," ಎಂದೆ.

"ಸುಳ್ಳ ಇದ್ರ ಛಲೋನ ಆತು. ಖರೇ ಇದ್ರ? ನನ್ನ ಯೆರವಡಾಕ್ಕ ಕರ್ಕೊಂಡ ಹೋಗು."

ಊರಿನ ಇನ್ನೊಂದು ತುದಿಯ ಯೆರವಡಾದಲ್ಲಿ ಅವರ ಅಕ್ಕ ಇದ್ದರು. ನನ್ನ ಮದುವೆಯಲ್ಲಿ ಆರತಿಗೆ ತಮ್ಮನ್ನು ಕರೆಯಲಿಲ್ಲವೆಂದು ಊಟ ಬಿಟ್ಟು ಎದ್ದು ಹೋದವರು. ಅಂದಿನಿಂದ ಹನ್ನೊಂದು ವರ್ಷ ಅಕ್ಕತಂಗಿಯರಲ್ಲಿ ಮಾತಿರಲಿಲ್ಲ. ಒಬ್ಬರ ಮಂಡಿನೋವಿನ ಸುದ್ದಿ ಇನ್ನೊಬ್ಬರಿಗೆ ನನ್ನಿಂದ ತಲುಪಬೇಕಿತ್ತು.

ಗುರುವಾರ ರಜೆ ಹಾಕಿ ಅತ್ತೆಯನ್ನು ರಿಕ್ಷಾದಲ್ಲಿ ಕರೆದುಕೊಂಡು ಹೊರಟೆ. ಅವರ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ. ದಾರಿಯುದ್ದಕ್ಕೂ, ಅಕ್ಕನಿಗೆ ಹೇಳಬೇಕಾದ್ದನ್ನು ಪರೀಕ್ಷೆಗೆ ಹೊರಟವರಂತೆ ಬಾಯಲ್ಲೇ ಗುನುಗಿಕೊಳ್ಳುತ್ತಿದ್ದರು.

ನಾನು ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ಇಳಕಲ್ ಸೀರೆ ಉಟ್ಟು, ಚೀಲ ಹಿಡಿದು, ಅಕ್ಕ ಚಪ್ಪಲಿ ಮೆಟ್ಟುತ್ತಿದ್ದರು.

"ಎಲ್ಲಿಗೆ ಹೊಂಟಿ ಅಕ್ಕಾ?" ಅತ್ತೆ ಕೇಳಿದರು.

"ನಿಮ್ಮ ಮನಿಗೇ. ನಾಳೆ ಪ್ರಳಯ ಅಂತಲ್ಲ!"

ಇಬ್ಬರೂ ಹೊಸ್ತಿಲಲ್ಲೇ ನಿಂತು ಅತ್ತರು. ಅಳುತ್ತಲೇ ನಗು ಬಂತು. ಗುನುಗಿದ್ದೆಲ್ಲ ಅತ್ತೆಗೆ ಮರೆತೇಹೋಗಿತ್ತು.

"ಆರತಿಗೆ ನಿನ್ನ ಕರೀಬೇಕಿತ್ತು. ತಪ್ಪಾತು," ಎಂದರು, ಅಷ್ಟೇ.

"ನಾನೂ ಊಟಾ ಬಿಟ್ಟು ಹೋಗಬಾರದಿತ್ತು. ಜಿಲೇಬಿ ಭಾಳ ಛಲೋ ಕಾಣತಿತ್ತು ನೋಡು."

ಒಳಗೆ ಹೋಳಿಗೆಗೆ ತುಪ್ಪ ಬೀಳುವಷ್ಟರಲ್ಲಿ ಬೇರೆ ವಾದ ಶುರುವಾಯಿತು. ಎಲ್ಲ ಮುಳುಗಿ, ಆಲದ ಎಲೆಯ ಮೇಲೆ ಕೃಷ್ಣನೊಬ್ಬನೇ ತೇಲುತ್ತಾನೆ ಎಂದು ಅಕ್ಕ. ಇಲ್ಲ, ಕಲ್ಕಿ ಬಿಳಿ ಕುದುರೆ ಏರಿ ಬರುತ್ತಾನೆ ಎಂದು ಅತ್ತೆ. ಐಟಿ ಕೆಲಸದಲ್ಲಿದ್ದ ಅಕ್ಕನ ಮೊಮ್ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತಿ, "ಎರಡೂ ಅಲ್ಲ ಅಜ್ಜಿ, ಆಕಾಶದಿಂದ ದೊಡ್ಡ ಕಲ್ಲು ಬೀಳತದ. ಎಲ್ಲಾ ಸಿನಿಮಾದಾಗೂ ಹಂಗ ತೋರಸ್ತಾರ," ಎಂದಳು.

"ಸಿನಿಮಾದಾಗ ಅದು ಯಾವಾಗ್ಲೂ ಅಮೆರಿಕಾದಾಗ ಬೀಳತದ," ಎಂದರು ಅತ್ತೆ. "ನಮ್ಮ ಪಾಳಿ ಬರೂದ್ರಾಗ ಇನ್ನೊಂದು ಹೋಳಿಗಿ ತಿನ್ನು."

ಸಂಜೆ ನಾನೊಬ್ಬಳೇ ಮನೆಗೆ ಮರಳಿದೆ. ಶುಕ್ರವಾರ ಹಾಲಿನವನು ಬಂದ, ನೀರು ಬಂತು, ಆಫೀಸಿನ ದಾರಿಯಲ್ಲಿ ಎಂದಿನಂತೆ ಟ್ರಾಫಿಕ್ ಜಾಮ್. ಶನಿವಾರ ಫೋನ್ ಮಾಡಿ, ಯಾವಾಗ ಬರುತ್ತೀರಿ ಎಂದು ಅತ್ತೆಯನ್ನು ಕೇಳಿದೆ.

"ನಾಳೆ ನಾವಿಬ್ಬರೂ ರಾಂಜಣಗಾಂವದ ಗಣಪತಿಗೆ ಹೊಂಟೇವಿ," ಎಂದರು. "ಆಮ್ಯಾಲೆ ನೋಡೂಣು."