ನಾಯಿಯ ದುಭಾಷಿ

ಅಮೆರಿಕದ ಮಿನೆಸೋಟದಲ್ಲಿ, ನಾಯಿಗಳನ್ನು ಆಡಲು ಬಿಡುವ ಪಾರ್ಕೊಂದರಲ್ಲಿ, ಮುದುಕ ಆರ್ವಿಲ್ ತನ್ನ ನಾಯಿ ಟೇಟರ್‌ಗೆ ದುಭಾಷಿ. ಅದು ಕಿವಿ ಹಿಂದಕ್ಕೆ ಮಡಿಸಿದರೆ, "ನಿಮ್ಮ ಟೋಪಿ ಕಂಡು ಹೆದರಿದಾನೆ ಕಣ್ರೀ" ಎನ್ನುತ್ತಾನೆ, ಆಕಳಿಸಿತೆಂದರಂತೂ ದೊಡ್ಡ ಪುರಾಣವನ್ನೇ ಬಿಚ್ಚುತ್ತಾನೆ: "ನಾಯಿ ಆಕಳಿಸೋದು ಬರೀ ನಿದ್ದೆಗಲ್ಲ, ಒಳಗಿನ ಸಂಕಟಕ್ಕೆ." ದಿನವೂ ಅದೇ ಬೆಂಚಿಗೆ ಬರುವ ಇರ್ಮಾ, "ನಾಯಿ ಮಾತೆಲ್ಲ ಬರುತ್ತೆ, ನಿನ್ನ ಮಾತೇ ಬರಲ್ಲ ನಿಂಗೆ" ಎಂದು ಛೇಡಿಸುತ್ತ ಫ್ಲಾಸ್ಕಿನ ಕಾಫಿ ಬಗ್ಗಿಸಿ ಕೊಡುತ್ತಾಳೆ. ಅದೂ ನಿಜವೇ, ಮನಸ್ಸಿನಲ್ಲಿರುವುದನ್ನೆಲ್ಲ ಅವನು ಟೇಟರ್ ತಲೆಗೇ ಕಟ್ಟುವವನು: "ನೀನು ಬರ್ದೇ ಇದ್ರೆ ಇವನಿಗೆ ಊಟ ಸೇರಲ್ಲ." ಮೊನ್ನೆ ಇರ್ಮಾ ಹೊರಡಲು ಎದ್ದು, "ಅರಿಜೋನಾಕ್ಕೆ, ತಂಗಿ ಹತ್ರಾನೇ ಹೋಗ್ಬಿಡ್ಲಾ ಅಂತಿದೀನಿ" ಎಂದಳು. "ಒಳ್ಳೇದು, ಅಲ್ಲಿ ಹಿಮದ ಕಾಟ ಇಲ್ಲ" ಎಂದ ಆರ್ವಿಲ್. ಟೇಟರ್ ಏನೂ ಆಗಿಲ್ಲವೆಂಬಂತೆ ಬಾಲ ಆಡಿಸುತ್ತಿತ್ತು. ಬಾಯಗಲಿಸಿ ಆಕಳಿಸಿದವನು ಆರ್ವಿಲ್. ಇರ್ಮಾ ಅವನನ್ನೇ ನೋಡಿದಳು, ಮತ್ತೆ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ತೆಗೆದಳು.