ಗಂಜಿ ಲೋಟ ಕೈಗಿತ್ತಾಗ

ನಮ್ಮ ಮನೆಯವರು ಮಾರಿಕಣಿವೆ ಕಾಲುವೆಯಲ್ಲಿ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ನೀರು ಎಂದು ಏರಿಯ ಮೇಲೆ ನಿಂತು ಕೂಗಿದರೆ ಆಚೆ ತೋಟದವರಿಗೂ ಕೇಳುತ್ತಿತ್ತು. ಮೊದಲು ಆ ಕೂಗು ಸಣ್ಣಗಾಯಿತು. ಆಮೇಲೆ ಕೆಮ್ಮು. ಒಂದು ಬೆಳಿಗ್ಗೆ ಮುಖ ತೊಳೆಯಲು ಬಗ್ಗಿದವರು ಹಾಗೇ ಕುಂತುಬಿಟ್ಟರು.

ಟವೆಲಿನಲ್ಲಿ ರಕ್ತ.

ಎಕ್ಸ್‌ರೇ ನೋಡಿ ಡಾಕ್ಟರು ಟಿ.ಬಿ. ಎಂದರು. ಮಿಷನ್ ಆಸ್ಪತ್ರೆಗೆ ಸೇರಿಸಿದೆವು. ದಿನಾ ಇಂಜೆಕ್ಷನ್, ಹಿಡಿ ಮಾತ್ರೆ. ನಾನು ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡೆ. ಕಫದ ಡಬ್ಬಿ ತೊಳೆಯುವುದು, ಗಂಜಿ ಕಾಯಿಸುವುದು, ಬೆನ್ನು ಒರೆಸುವುದು. ಅಳುವೂ ಬರುತ್ತಿರಲಿಲ್ಲ, ಬರೀ ಸುಸ್ತು. ಕುಂತಲ್ಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಅಲ್ಲೊಬ್ಬರು ಪರದೇಶದ ಸಿಸ್ಟರ್, ಕನ್ನಡ ಕಲಿತವರು. ರೋಗಿ ಬಾಯಿ ತೆರೆದರೆ ಥ್ಯಾಂಕ್ಯೂ, ತೋಳು ಚಾಚಿದರೆ ಥ್ಯಾಂಕ್ಯೂ. "ಚುಚ್ಚೋರು ಅವ್ರು, ಚುಚ್ಚಿಸ್ಕಂಡೋರ್ಗೆ ಥ್ಯಾಂಕ್ಸು" ಎಂದು ಪಕ್ಕದ ಮಂಚದ ಅಜ್ಜ ನಗುತ್ತಿದ್ದ.

ಇವರು ಒಂದು ದಿನ, ಡಾಕ್ಟರು ಗುಣವಾಗುತ್ತದೆ ಅಂದರು ಎಂದು ನನಗೆ ಹೇಳಿದರು. ಅದಾದ ಮಾರನೆಯ ದಿನ ಗಂಜಿ ಲೋಟ ಕೈಗಿತ್ತೆ. ನನ್ನ ಮುಖ ನೋಡಿ ಮೆಲ್ಲಗೆ ಅಂದರು, "ಥ್ಯಾಂಕ್ಸ್ ಕಣೇ ಗೌರಿ."

ನಾನು ಅವರ ಹಣೆ ಮುಟ್ಟಿ ನೋಡಿದೆ.

ಮನೆಯವರು ಮನೆಯವರಿಗೆ ಹಾಗನ್ನುವುದು ನಮ್ಮಲ್ಲಿ ಎಲ್ಲುಂಟು? ಉಪ್ಪು ಕಮ್ಮಿ ಐತೆ ಎನ್ನುತ್ತಾರೆ, ಇನ್ನೊಂದು ಚೂರು ಮುದ್ದೆ ಹಾಕು ಎನ್ನುತ್ತಾರೆ, ಅಷ್ಟರಲ್ಲೇ ಎಲ್ಲಾ ಬಂತು. ನಮ್ಮ ಮಾವನವರು ಅತ್ತೆಗೆ "ಚೆನ್ನಾಗಿ ನೋಡ್ಕಂಡೆ" ಎಂದದ್ದು ಒಂದೇ ಸಲ, ಕೊನೆಯ ಗುಟುಕು ನೀರು ಕುಡಿದಾಗ. ಋಣ ಹರಿದುಕೊಳ್ಳುವವರ ಮಾತದು. ಹಾಗಾದರೆ ಗುಣವಾಗುತ್ತದೆ ಎಂದದ್ದು ನನ್ನ ಧೈರ್ಯಕ್ಕೆ ಆಡಿದ ಸುಳ್ಳು. ಮರುದಿನ ನೀರು ಕೊಟ್ಟರೂ ಥ್ಯಾಂಕ್ಸ್, ಹೊದಿಕೆ ಸರಿಮಾಡಿದರೂ ಥ್ಯಾಂಕ್ಸ್. ನನಗೆ ಅನ್ನ ಇಳಿಯಲಿಲ್ಲ.

ತಡೆಯಲಾರದೆ, ಇವರ ಬಾಯಲ್ಲಿ ಈ ಮಾತು ಯಾಕೆಂದು ಸಿಸ್ಟರನ್ನೇ ಕೇಳಿದೆ. ಅವರು ನಗಲಿಲ್ಲ. ತಮ್ಮ ಕಡೆ ಉಪ್ಪಿನ ಬಟ್ಟಲು ಸರಿಸಿಕೊಟ್ಟರೂ ಗಂಡ ಹೆಂಡತಿಗೆ, ತಾಯಿ ಮಗುವಿಗೆ ಹೇಳುತ್ತಾರೆ, ಹೇಳದಿದ್ದರೆ ಮುನಿಸೆಂದು ತಿಳಿಯುತ್ತಾರೆ ಎಂದರು. "ಇದು ಹೋಗುವವರ ಮಾತಲ್ಲಮ್ಮ. ದಿನದ ಮಾತು."

ಒಳಗೆ ಬಂದು ಇವರನ್ನೇ ಹಿಡಿದೆ. "ನಿಜ ಹೇಳ್ರಿ, ಉಳೀತೀರೋ ಇಲ್ವೋ?"

"ಸಾಯ್ತೀನಿ ಅಂದ್ಕಂಡಿದ್ದಾಗ್ಲೇ ನಿಂಗೇನಾದ್ರು ಹೇಳ್ಬೇಕನ್ಸಿತ್ತು ಕಣೇ. ಅಪ್ಪ ಅವ್ವಂಗೆ ಅಂದಂಗಾಗುತ್ತೆ, ಹೆದರ್ತೀಯ ಅಂತ ನುಂಗ್ಕಂಡೆ. ಉಳೀತೀನಿ ಅಂತ ಗೊತ್ತಾದ್ಮೇಲೆ ಬಾಯಿಬಿಟ್ಟೆ."

ಅವತ್ತು ಅಳು ಬಂತು.

ಡಿಸ್ಚಾರ್ಜ್ ದಿನ ಸಿಸ್ಟರಿಗೆ ಥ್ಯಾಂಕ್ಯೂ ಅನ್ನಬೇಕೆಂದೇ ಹೋದೆ. ಬಾಯಿಗೆ ಬರಲಿಲ್ಲ. ಕೆನ್ನೆ ಸವರಿ ನೆಟಿಗೆ ಮುರಿದೆ. ಅವರೇ ಥ್ಯಾಂಕ್ಯೂ ಎಂದರು.

ಮಾತ್ರೆ ಇನ್ನೂ ನಡೆದಿದೆ. ಕೂಗು ಇನ್ನೂ ಬಂದಿಲ್ಲ. ಇವತ್ತು ಕಾಲುವೆಯ ಯೋಚನೆಯಲ್ಲೇ ಗಂಜಿ ಕುಡಿದು, ಖಾಲಿ ಲೋಟ ನನ್ನ ಕೈಗಿತ್ತು, "ಉಪ್ಪು ಕಮ್ಮಿ ಐತೆ" ಎಂದರು. ಅಂತೂ ಮನೆಗೆ ಬಂದರು ಅನ್ನಿಸಿತು. ಆದರೂ ಲೋಟ ಹಿಡಿದು ಒಂದು ಗಳಿಗೆ ಅಲ್ಲೇ ನಿಂತಿದ್ದೆ, ಆ ಇನ್ನೊಂದು ಮಾತಿಗೆ ಕಾದು.